ಮಂಡಿ ಸವೆದಿದ್ದರೂ ನಡೆಯಬಹುದೇ?

ಪ್ರಶ್ನೆ: ನನಗೆ 58 ವರ್ಷ. ಎರಡೂ ಮಂಡಿಯಲ್ಲಿ ಸವೆತ ಇದೆ ಎಂದು ವೈದ್ಯರು ಎಕ್ಸ್-ರೇ ನೋಡಿ ಹೇಳಿದ್ದಾರೆ. ನಡೆದಷ್ಟೂ ಇನ್ನಷ್ಟು ಸವೆಯುತ್ತದೆ ಎಂದು ಮನೆಯವರು ಹೆದರಿಸಿದ್ದರಿಂದ ಆರು ತಿಂಗಳಿಂದ ವಾಕಿಂಗ್ ಬಿಟ್ಟಿದ್ದೇನೆ. ನೋವು ಮಾತ್ರ ಹಾಗೇ ಇದೆ. ಈಗ ಕುರ್ಚಿಯಿಂದ ಏಳಲೂ ಕೈ ಊರಬೇಕು. ಯಾರ ಮನೆಗೂ ಹೋಗಲು ಮನಸ್ಸಾಗುವುದಿಲ್ಲ. ಮತ್ತೆ ನಡೆಯಬಹುದೇ?

ಉತ್ತರ: ಖಂಡಿತ ನಡೆಯಿರಿ. ನೋವಿಗೆ ಹೆದರಿ ಕೂತುಬಿಡುವುದು ನಿಮ್ಮಂತೆ ಕೀಲು ಸವೆದ ಸಂಧಿವಾತದವರಲ್ಲಿ ತುಂಬಾ ಸಾಮಾನ್ಯ. ಆದರೆ ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ, ಅದು ಹೊರಬೇಕಾದ ಭಾರವೂ ಮಂಡಿಯ ಮೇಲೆಯೇ ಬೀಳುತ್ತದೆ. ನೀವು ಕೈ ಊರಿ ಏಳುವಂತಾಗಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಸವೆಯುವುದು ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿ, ಅಂದರೆ ನುಣುಪಾದ ಮೆತ್ತನೆಯ ಪದರ. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ. ಹೆಜ್ಜೆ ಊರಿದಾಗ ಸ್ಪಂಜಿನಂತೆ ಒತ್ತಿಕೊಂಡು, ಎತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ಹಾಗಾಗಿ ಹದವಾದ ಓಡಾಟ ಮಂಡಿಗೆ ಬೇಕೇ ಬೇಕು. ಇನ್ನೊಂದು ಮಾತು: ಎಕ್ಸ್-ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಆ ಚಿತ್ರ ನೋಡಿ ಎದೆಗುಂದಬೇಡಿ.

ಮೊದಲು ತೊಡೆಗೆ ಬಲ ಬರಲಿ. ಗೋಡೆಗೆ ಒರಗಿಸಿಟ್ಟ, ಸ್ವಲ್ಪ ಎತ್ತರದ ಕುರ್ಚಿಯ ಅಂಚಿಗೆ ಸರಿದು ಕೂತುಕೊಳ್ಳಿ. ಪಾದಗಳು ಮಂಡಿಗಿಂತ ತುಸು ಹಿಂದಿರಲಿ. ಮುಂದಕ್ಕೆ ಬಾಗಿ ಎದ್ದು ನಿಲ್ಲಿ. ಕೂರುವಾಗ ಧೊಪ್ಪೆಂದು ಬೀಳದೆ ನಿಧಾನವಾಗಿ ಇಳಿಯಿರಿ. ತೊಡೆ ಹೆಚ್ಚು ದುಡಿಯುವುದು ಅಲ್ಲೇ. ಶುರುವಿಗೆ ಕೈ ಊರಿದರೂ ಪರವಾಗಿಲ್ಲ. ಐದು ಸಲ ಸಾಕು, ಒಂದು ದಿನ ಬಿಟ್ಟು ಒಂದು ದಿನ ಮಾಡಿ, ಮೆಲ್ಲಗೆ ಹತ್ತಕ್ಕೆ ಏರಿಸಿ.

ನಡಿಗೆ ಸಮತಟ್ಟಾದ ಕಡೆ ಐದು-ಹತ್ತು ನಿಮಿಷದಿಂದ ಶುರುವಾಗಲಿ. ಬೇಕಾದರೆ ದಿನಕ್ಕೆ ಎರಡು ಸಲ. ವಾರಕ್ಕೆ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ತಿಂಗಳುಗಳ ಗುರಿಯಾಗಿ ಇಟ್ಟುಕೊಳ್ಳಿ, ಮೊದಲ ವಾರದ ಲೆಕ್ಕವಾಗಿ ಅಲ್ಲ. ನೋವು ಹೆಚ್ಚಿರುವ ಮಂಡಿಯ ಎದುರು ಬದಿಯ ಕೈಯಲ್ಲಿ ಕೋಲು ಹಿಡಿದರೆ ಭಾರ ಇಳಿಯುತ್ತದೆ. ಅನೇಕರು ನೋವಿರುವ ಬದಿಯಲ್ಲೇ ಹಿಡಿಯುತ್ತಾರೆ, ಅದು ತಪ್ಪು. ಈಜು, ಸೈಕಲ್ ಇಷ್ಟವಿದ್ದರೆ ಅವೂ ಒಳ್ಳೆಯವು.

ವ್ಯಾಯಾಮದ ವೇಳೆ ಸ್ವಲ್ಪ ನೋವಾಗುವುದು ಸಹಜ. ಮುಗಿದು ಎರಡು ಗಂಟೆಯಾದರೂ ನೋವು ಮೊದಲಿಗಿಂತ ಹೆಚ್ಚಿದ್ದರೆ, ಅಥವಾ ಮರುದಿನ ಮಂಡಿ ಊದಿಕೊಂಡಿದ್ದರೆ ಅಳತೆ ಮೀರಿದೆ ಎಂದರ್ಥ. ಮುಂದಿನ ಸಲ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಫಲ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯಬಹುದು. ಈ ಕಾಯುವ ಹೊತ್ತಿನಲ್ಲೇ ಹೆಚ್ಚಿನವರು ಕೈಬಿಡುವುದು, ದಯವಿಟ್ಟು ನೀವು ಬಿಡಬೇಡಿ. ನೋವು ಪೂರ್ತಿ ಹೋಗದಿದ್ದರೂ ನಿದ್ದೆ, ಮನಸ್ಸಿನ ಉತ್ಸಾಹ, ಯಾರ ನೆರವೂ ಇಲ್ಲದೆ ಎದ್ದು ಓಡಾಡುವ ಧೈರ್ಯ ಇವೆಲ್ಲ ಮರಳಬಲ್ಲವು. ನಾನು ಇದನ್ನೂ ಚಿಕಿತ್ಸೆಯ ಫಲವೆಂದೇ ಎಣಿಸುತ್ತೇನೆ.

ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿದರೂ ಮಂಡಿಗೆ ದೊಡ್ಡ ನಿರಾಳ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ.

ಬೆಳಿಗ್ಗೆ ಒಂದು ಗಂಟೆಗೂ ಮೀರಿ ಕೀಲುಗಳು ಬಿಗಿದಿರುವುದು, ಬೆರಳ ಗಿಣ್ಣುಗಳೂ ಊದಿಕೊಳ್ಳುವುದು ಇದ್ದರೆ ಅದು ಸವೆತವಲ್ಲ, ರುಮಟಾಯ್ಡ್ ಸಂಧಿವಾತ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರಬಹುದು. ಅದಕ್ಕೆ ಬೇರೆಯೇ ಔಷಧ ಬೇಕು, ಪರೀಕ್ಷೆ ತಡಮಾಡಬೇಡಿ. ಒಂದು ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ವ್ಯಾಯಾಮ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.