ಟಿ-ರೆಕ್ಸ್ ಸಂಸಾರ ಸಮೇತ

ಮಂಡ್ಯದ ಓದುಗರೊಬ್ಬರ ಪತ್ರ: ಸಾಹಸ ಚಿತ್ರಗಳ ಎರಡನೇ ಭಾಗಕ್ಕೆ ಮೊದಲ ದಿನವೇ ಹೋಗುತ್ತಾರಂತೆ, ಪ್ರತಿ ಸಲ ಬೇಜಾರಾಗಿ ಬರುತ್ತಾರಂತೆ. ‘ಟರ್ಮಿನೇಟರ್ 2’ ಒಂದನ್ನು ಬಿಟ್ಟು. ಇದೆಲ್ಲ ದುಡ್ಡಿನಾಸೆ ಅಲ್ವಾ, ಅಥವಾ ನಮಗೇ ವಯಸ್ಸಾಯಿತಾ ಅಂತ ಕೇಳಿದ್ದಾರೆ.

ದುಡ್ಡಿನಾಸೆ ಇದ್ದೇ ಇದೆ ಸ್ವಾಮಿ. ಮೊದಲನೆಯದನ್ನೇನು ಧರ್ಮಕ್ಕೆ ತೆಗೆದಿದ್ದರಾ? ವಯಸ್ಸಿನ ಮಾತೂ ಸ್ವಲ್ಪ ಒಪ್ಪೋಣ. ‘ಟರ್ಮಿನೇಟರ್ 2’ ನನಗೂ ಇಷ್ಟ, ಅದನ್ನು ಪಕ್ಕಕ್ಕಿಡೋಣ. ನನ್ನ ಪ್ರಕಾರ ರೋಗ ಬೇರೆ. ಎರಡನೇ ಭಾಗದವರ ಹತ್ತಿರ ಬಚ್ಚಿಡೋಕೆ ಏನೂ ಉಳಿದಿರುವುದಿಲ್ಲ.

‘ಜುರಾಸಿಕ್ ಪಾರ್ಕ್’ ನಮ್ಮ ದೇಶಕ್ಕೆ ಬಂದದ್ದು 1994ರಲ್ಲಿ. ಮೈಸೂರಲ್ಲಿ ನಾವು ನಾಲ್ವರು ಗೆಳೆಯರು ನೋಡಿಕೊಂಡು ಸೀದಾ ಹೋಟೆಲಿಗೆ ಹೋದೆವು. ಕಾಫಿ ಬರುವಷ್ಟರಲ್ಲಿ ಸ್ಟೀಲ್ ಲೋಟದಲ್ಲಿ ನೀರಿಟ್ಟುಕೊಂಡು ಮೇಜು ಗುದ್ದಿದೆವು. ಡೈನೋಸಾರ್ ಹೆಜ್ಜೆಗೆ ನೀರಿನಲ್ಲಿ ಬಳೆ ಬಳೆಯಾಗಿ ಅಲೆ ಏಳುತ್ತಲ್ಲ, ಅದು ಬರಲೇ ಇಲ್ಲ. ನೀರು ಚೆಲ್ಲಿತು, ಮಾಣಿ ಬೈದ. ಎಷ್ಟೋ ವರ್ಷದ ಮೇಲೆ ಓದಿದೆ: ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಗಿಟಾರ್ ತಂತಿ ಕಟ್ಟಿ ಮೀಟಿದ್ದರಂತೆ! ಆ ದೈತ್ಯ ಡೈನೋಸಾರ್ ಟಿ-ರೆಕ್ಸ್ ಇನ್ನೂ ತೆರೆಗೆ ಬಂದಿರಲಿಲ್ಲ, ನಾವಾಗಲೇ ಕಾಲು ಮೇಲೆತ್ತಿ ಕೂತಿದ್ದೆವು. ಎರಡು ಗಂಟೆ ಮೀರಿದ ಆ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣುವುದು ಎಲ್ಲ ಸೇರಿ ಸುಮಾರು 15 ನಿಮಿಷ.

1997ರ ಎರಡನೇ ಭಾಗಕ್ಕೆ ಒಂದು ಟಿ-ರೆಕ್ಸ್ ಸಾಲದಾಯಿತು. ಅಪ್ಪ, ಅಮ್ಮ, ಮರಿ. ಅಷ್ಟೂ ಸಾಲದೆ ಊರಿಗೇ ನುಗ್ಗಿಸಿದರು. ನಿರ್ದೇಶಕರು ಮೊದಲ ಭಾಗ ತೆಗೆದ ಅದೇ ಸ್ಪೀಲ್‌ಬರ್ಗ್. 1975ರ ‘ಜಾಸ್’ ಚಿತ್ರ ತೆಗೆಯುವಾಗ ಯಂತ್ರದ ಶಾರ್ಕ್ ಸಮುದ್ರದಲ್ಲಿ ಪದೇಪದೇ ಕೆಟ್ಟು, ವಿಧಿಯಿಲ್ಲದೆ ಶಾರ್ಕ್ ಬದಲು ಅದಕ್ಕೆ ಸಿಕ್ಕಿಸಿದ ಹಳದಿ ಪೀಪಾಯಿ ತೇಲಿಸಿ, ಸಂಗೀತ ಬಾರಿಸಿ ನಮ್ಮನ್ನು ಹೆದರಿಸಿದ್ದವರು. ಯಂತ್ರ ಕೆಟ್ಟದ್ದೇ ಒಳ್ಳೆಯದಾಯಿತು ನೋಡಿ.

ಈಗ ಕೆಡುವುದೂ ಇಲ್ಲ, ಕಾಯಿಸುವುದೂ ಇಲ್ಲ. ಕಥೆಯೆಲ್ಲ ಟ್ರೇಲರ್‌ನಲ್ಲೇ ಮುಗಿದಿರುತ್ತೆ. ಸಿನಿಮಾ ಒಂದೇ ಅಲ್ಲ ಬಿಡಿ. ನಮ್ಮ ಬೀದಿಯಲ್ಲೊಂದು ದೋಸೆ ಹೋಟೆಲ್. ನಾಲ್ಕೇ ಮೇಜು, ಹನ್ನೊಂದು ಗಂಟೆಗೆ ಹಿಟ್ಟು ಖಾಲಿ. ಬಾಗಿಲಲ್ಲಿ ನಿಂತು, ತಿನ್ನುತ್ತಿರುವವರ ತಟ್ಟೆ ನೋಡಿ ಬಾಯಿ ನೀರೂರಿಸಿಕೊಂಡು ಕಾಯಬೇಕಿತ್ತು. ಈಗ ಎರಡನೇ ಬ್ರಾಂಚ್ ತೆಗೆದಿದ್ದಾರೆ. ಎ.ಸಿ., ಬಗೆಬಗೆ ದೋಸೆ, ರಾತ್ರಿವರೆಗೂ ಹಿಟ್ಟು. ದೋಸೆ ಚೆನ್ನಾಗೇ ಇತ್ತು. ಅರ್ಧ ತಿಂದು ಸುಮ್ನೆ ಫೋನ್ ನೋಡುತ್ತಾ ಕೂತಿದ್ದೆ.

ತಪ್ಪು ನಿಮ್ಮದೂ ಇದೆ. ಪ್ರತಿ ಸಲ ಮೊದಲ ದಿನವೇ ಟಿಕೆಟ್ ತಗೊಂಡರೆ ಅವರ್ಯಾಕೆ ನಿಲ್ಲಿಸುತ್ತಾರೆ? ಮುಂದಿನದಕ್ಕೂ ನೀವು ಹೋಗೇ ಹೋಗುತ್ತೀರಿ, ಗೊತ್ತು. ಮೈಸೂರಿಗೇ ಬನ್ನಿ, ನಾನೂ ಬರುತ್ತೇನೆ. ಟ್ರೇಲರ್ ನೋಡಿಕೊಂಡು ಮಾತ್ರ ಬರಬೇಡಿ.

— ಸಂ.