ಭಯೋತ್ಪಾದನೆಯ ವ್ಯಾಖ್ಯೆ ಎಲ್ಲಿ ಸಿಕ್ಕಿಬಿದ್ದಿದೆ?

ಪ್ರಶ್ನೆ: ಭಯೋತ್ಪಾದನೆ ವಿರುದ್ಧ ಸಮಗ್ರ ಒಡಂಬಡಿಕೆಯೊಂದರ ಕರಡನ್ನು ಭಾರತ 1996ರಲ್ಲೇ ವಿಶ್ವಸಂಸ್ಥೆಯ ಮುಂದಿಟ್ಟಿತ್ತು. ಇನ್ನೂ ಏಕೆ ಒಪ್ಪಿಗೆಯಾಗಿಲ್ಲ?
– ಓದುಗರು, ಶಿವಮೊಗ್ಗ

ಉತ್ತರ: ಅಮಾಯಕರನ್ನು ಕೊಲ್ಲುವುದು ತಪ್ಪು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಯಾರನ್ನು ಈ ಕಾನೂನಿನಿಂದ ಹೊರಗಿಡಬೇಕು ಎಂಬ ಕಲಮಿನಲ್ಲೇ ಕರಡು ಸಿಕ್ಕಿಬಿದ್ದಿದೆ. ಪರಕೀಯರ ಆಕ್ರಮಣದ ವಿರುದ್ಧ ಹೋರಾಡುವವರನ್ನು ಬಿಡಬೇಕೆಂಬುದು ಇಸ್ಲಾಮಿಕ್ ಸಹಕಾರ ಸಂಘಟನೆಯ ಪಟ್ಟು; ಅವರ ಮನಸ್ಸಿನಲ್ಲಿರುವುದು ಮುಖ್ಯವಾಗಿ ಪ್ಯಾಲೆಸ್ಟೀನ್. ಸೈನ್ಯಗಳಿಗೆ ಯುದ್ಧದ ಕಾನೂನು ಬೇರೆಯೇ ಇದೆ, ಅವನ್ನು ಇಲ್ಲಿಗೆ ಎಳೆಯಬೇಡಿ ಎಂದು ಪಾಶ್ಚಾತ್ಯ ದೇಶಗಳು ಹೇಳುತ್ತವೆ. ಇದು ಹಳೆಯ ರೋಗ. ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್‌ ಭಯೋತ್ಪಾದನೆ ವಿರುದ್ಧ ತಂದ 1937ರ ಒಡಂಬಡಿಕೆಗೆ 24 ದೇಶಗಳು ಸಹಿ ಹಾಕಿದವು. ಸ್ಥಿರೀಕರಿಸಿದ್ದು ಆಗ ಬ್ರಿಟಿಷರ ಕೈಕೆಳಗಿದ್ದ ಭಾರತ ಒಂದೇ. ಅದು ಜಾರಿಗೇ ಬರಲಿಲ್ಲ.

ಹಾಗೆಂದು ಕೆಲಸಕ್ಕೆ ಬರುವ ವ್ಯಾಖ್ಯೆಯೇ ಇಲ್ಲವೆಂದಲ್ಲ. ಭಯೋತ್ಪಾದನೆಗೆ ಹಣ ಒದಗಿಸುವುದನ್ನು ತಡೆಯುವ 1999ರ ಒಡಂಬಡಿಕೆ ಎರಡೇ ಅಂಶ ನೋಡುತ್ತದೆ: ಸತ್ತವರು ಅಥವಾ ಗಾಯಗೊಂಡವರು ಕಾದಾಟದಲ್ಲಿ ಇಲ್ಲದವರೇ? ಜನರನ್ನು ಹೆದರಿಸುವುದು ಇಲ್ಲವೇ ಸರ್ಕಾರವನ್ನು ಮಣಿಸುವುದು ಉದ್ದೇಶವೇ? ಕೊಂದವನ ಧ್ಯೇಯ ಎಷ್ಟು ದೊಡ್ಡದು ಎಂದು ಅದು ಕೇಳುವುದಿಲ್ಲ. ಹೊಸ ಕರಡೂ ಇಲ್ಲಿಗೇ ಬಂದು ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮಸೂದ್ ಅಜರ್ ಹೆಸರು ವಿಶ್ವಸಂಸ್ಥೆಯ ಭಯೋತ್ಪಾದಕರ ಪಟ್ಟಿಗೆ ಸೇರಲು ಅಷ್ಟು ವರ್ಷ ಏಕೆ ಬೇಕಾಯಿತು? ಸೇರಿದ ಮೇಲೂ ಬಂಧನ ಏಕಿಲ್ಲ?
– ಓದುಗರು, ಕಲಬುರಗಿ

ಉತ್ತರ: ಪಟ್ಟಿ ನೋಡಿಕೊಳ್ಳುವುದು ಭದ್ರತಾ ಮಂಡಳಿಯ 1267 ಸಮಿತಿ (1267 ಎಂಬುದು ಅದನ್ನು ರಚಿಸಿದ ನಿರ್ಣಯದ ಸಂಖ್ಯೆ). ಮಂಡಳಿಯ 15 ಸದಸ್ಯರೇ ಅಲ್ಲೂ ಕೂರುತ್ತಾರೆ, ಎಲ್ಲರೂ ಒಪ್ಪಬೇಕು. ಒಂದು ದೇಶ ‘ತಾಂತ್ರಿಕ ತಡೆ’ ಹಾಕಿದರೆ ಮೊದಲು 6 ತಿಂಗಳು, ಆಮೇಲೆ ಇನ್ನೂ 3 ತಿಂಗಳು ಕಡತ ಕದಲುವುದಿಲ್ಲ. ಚೀನಾ 2016ರಲ್ಲಿ ಮಾಡಿದ್ದು ಇದನ್ನೇ, ಕೊನೆಗೆ ಪ್ರಸ್ತಾವವನ್ನೇ ತಡೆಯಿತು. ಜೈಷ್-ಎ-ಮೊಹಮ್ಮದ್ 2001ರಲ್ಲೇ ಪಟ್ಟಿ ಸೇರಿತ್ತು; ಅದರ ಮುಖ್ಯಸ್ಥ ಅಜರ್ ಸೇರಿದ್ದು 2019ರ ಮೇ 1ರಂದು.

ಎರಡನೆಯದು ಬಹಳ ಮಂದಿ ತಪ್ಪು ತಿಳಿದಿರುವ ವಿಷಯ. ಪಟ್ಟಿ ಎಂದರೆ ಬಂಧನದ ವಾರಂಟ್ ಅಲ್ಲ. ಆಸ್ತಿ ಸ್ಥಗಿತ, ಪ್ರಯಾಣ ನಿಷೇಧ, ಶಸ್ತ್ರಾಸ್ತ್ರ ನಿರ್ಬಂಧ, ಇಷ್ಟೇ. ಜಾರಿ ಮಾಡುವ ಹೊಣೆ ಎಲ್ಲ ದೇಶಗಳದ್ದು, ಆದರೆ ಮುಖ್ಯವಾಗಿ ಆತ ಇರುವ ದೇಶದ್ದು. ಅಲ್ಲಿನ ಸರ್ಕಾರ ಸುಮ್ಮನಿದ್ದರೆ ಪಟ್ಟಿ ಕಾಗದದಲ್ಲೇ ಉಳಿಯುತ್ತದೆ. ಆಗ ನಾಟುವುದು ಹಣದ ಒತ್ತಡ. ಲಷ್ಕರ್-ಎ-ತೊಯ್ಬಾ ಸ್ಥಾಪಕ ಹಫೀಜ್ ಸಯೀದ್ 2008ರ ಡಿಸೆಂಬರ್‌ನಲ್ಲೇ ಪಟ್ಟಿ ಸೇರಿದ್ದ. 2018ರ ಜೂನ್‌ನಲ್ಲಿ ಭಯೋತ್ಪಾದನೆಗೆ ಹೋಗುವ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಪಾಕಿಸ್ತಾನವನ್ನು ಬೂದು ಪಟ್ಟಿಗೆ, ಅಂದರೆ ಹೆಚ್ಚಿನ ನಿಗಾದ ದೇಶಗಳ ಪಟ್ಟಿಗೆ, ಹಾಕಿತು. ಭಯೋತ್ಪಾದನೆಗೆ ಹಣ ಒದಗಿಸಿದ್ದಕ್ಕೆ ಲಾಹೋರ್ ನ್ಯಾಯಾಲಯ ಸಯೀದ್‌ಗೆ ಶಿಕ್ಷೆ ವಿಧಿಸಿದ್ದು ಆ ಅವಧಿಯಲ್ಲೇ, 2020ರ ಫೆಬ್ರುವರಿಯಲ್ಲಿ.