ಕಳಚಿಡುವ ಗೋಡೆಗಳ ಬಂಗಲೆ

ಪ್ರಶ್ನೆ: ಟಿವಿಯ ಪತ್ತೇದಾರಿ ಧಾರಾವಾಹಿಗಳಲ್ಲಿ ಕಾಣುವ ಹಳೇ ಬಂಗಲೆ ನಿಜವಾದದ್ದಾ, ಸೆಟ್ಟಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮುಂಬೈನ ಗೋರೆಗಾಂವ್‌ನಲ್ಲಿರುವ ಫಿಲ್ಮ್ ಸಿಟಿಯಲ್ಲಿ ನಾವು ಕಟ್ಟುವುದೆಲ್ಲ ಸೆಟ್ಟೇ. ಗೋಡೆ ಅಂದರೆ ಮರದ ಚೌಕಟ್ಟಿಗೆ ಹೊಡೆದ ಪ್ಲೈವುಡ್. ಕ್ಯಾಮೆರಾ ಇಡಬೇಕಾದ ಕಡೆಯ ಗೋಡೆಯನ್ನು ಕಳಚಿ ಪಕ್ಕಕ್ಕಿಡುತ್ತೇವೆ. ಬಣ್ಣ ಹೊಸದಾಗಿ ಕಂಡರೆ ಯಾರೂ ನಂಬಲ್ಲ, ಅಲ್ವಾ? ಅದಕ್ಕೇ ಸ್ವಿಚ್‌ಬೋರ್ಡಿನ ಸುತ್ತ ಬೆರಳಿನ ಕೊಳೆ, ಕಿಟಕಿ ಕೆಳಗೆ ಮಳೆನೀರು ಇಳಿದ ಕಲೆ, ಎಲ್ಲವನ್ನೂ ಕೈಯಾರೆ ಬಳಿಯುತ್ತೇವೆ. ಹಳೇ ಪತ್ರ ಬೇಕಾದರೆ ಕಾಗದವನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸುವುದು. ನನಗೆ ಜಾಸ್ತಿ ಇಷ್ಟದ ಕೆಲಸ ಸುಳಿವು ಇಡುವುದು. ಮಂಚದ ಕೆಳಗಿನ ಬಳೆಚೂರು ಇವತ್ತು ಎಲ್ಲಿತ್ತೋ ನಾಳೆಯೂ ಅಲ್ಲೇ ಇರಬೇಕು. ದೃಶ್ಯ ಮುಗಿದ ಕೂಡಲೇ ಫೋಟೊ ತೆಗೆದಿಡುತ್ತೇವೆ. ಬೆರಳಗಲ ಸರಿದರೂ ನೋಡುವವರು ಅದನ್ನೇ ಸುಳಿವು ಅಂದುಕೊಳ್ಳುತ್ತಾರೆ.